ಗುಡ್ಡವಿಲ್ಲದ ಗುಡ್ಡಗಾಡು ಓಟ

ಹೆಸರಿಗೆ ಗುಡ್ಡಗಾಡು ಓಟ. ತರೀಕೆರೆಯ ಆ ಮೈದಾನದಲ್ಲಿ ಗುಡ್ಡದ ಮಾತು ಹಾಗಿರಲಿ, ಮೊಣಕಾಲೆತ್ತರದ ದಿಬ್ಬವೂ ಇರಲಿಲ್ಲ. ಊರಾಚೆ ಓಡಿಸಿದರೆ ಅತಿಥಿಗಳು ಶಾಮಿಯಾನದಿಂದ ಎದ್ದು ಬಿಸಿಲಿಗೆ ಬರಬೇಕಾಗುತ್ತದಲ್ಲ! ಅದಕ್ಕೇ ಕ್ರೀಡಾಭಿಮಾನಿ ಸಂಘದವರು ನಾಲ್ಕು ಕಿಲೋಮೀಟರ್ ಓಟವನ್ನು ಇನ್ನೂರು ಮೀಟರಿನ ಸುಣ್ಣದ ಗೆರೆಯೊಳಗೆ ತುರುಕಿ ಇಪ್ಪತ್ತು ಸುತ್ತು ಮಾಡಿದ್ದರು. ಹೆಣ್ಣುಮಕ್ಕಳು ಗಾಣದೆತ್ತಿನ ಹಾಗೆ ತಿರುಗಬೇಕು.

ಶಿವನಿಯ ಪ್ರೌಢಶಾಲೆಯ ದೈಹಿಕ ಶಿಕ್ಷಕ ರುದ್ರಮೂರ್ತಿಯವರಿಗೆ ಅದನ್ನು ನೋಡಿಯೇ ಮೈ ಉರಿಯಿತು. ಮೂವತ್ತೊಂದು ವರ್ಷ ಮಕ್ಕಳನ್ನು ಬಂಡಿ ಜಾಡಿನಲ್ಲಿ, ಉತ್ತ ಹೊಲದಲ್ಲಿ ಓಡಿಸಿ ಪಳಗಿಸಿದವರು ಅವರು. ಅಷ್ಟೂ ವರ್ಷ ಮೇಲಿನವರು ಅವರಿಂದ ಮಾಡಿಸಿಕೊಂಡದ್ದು ಮೊಟ್ಟೆ ಹಂಚುವ ಕೆಲಸ, ಚುನಾವಣೆ ಡ್ಯೂಟಿ, ಗಣ್ಯರು ಬಂದಾಗ ಸೀಟಿ ಊದಿ ಸಾಲು ನಿಲ್ಲಿಸುವ ಕೆಲಸ. ಈ ತಿಂಗಳ ಕೊನೆಗೆ ನಿವೃತ್ತಿ. ಉಳಿದಿದ್ದ ಆಸೆ ಒಂದೇ: ಹತ್ತನೇ ಕ್ಲಾಸಿನ ಶರ್ಮಿಳಾ ಈ ಓಟ ಗೆಲ್ಲಬೇಕು. ಮೊದಲು ಬಂದವಳಿಗೆ ಮಾತ್ರ ರಾಜ್ಯ ಕ್ರೀಡಾಕೂಟದ ಅವಕಾಶ.

ಸುತ್ತಿನ ಓಟವೆಂದರೆ ಅವರದ್ದೊಂದು ಪದ್ಧತಿ. ಎಷ್ಟು ಸುತ್ತೋ ಅಷ್ಟು ಅಡಿಕೆ ಎಡ ಜೇಬಿನಲ್ಲಿ. ಸುತ್ತಿಗೊಂದು ಬಲ ಜೇಬಿಗೆ. ಮಕ್ಕಳಿಗೂ ಹೇಳುತ್ತಿದ್ದರು: "ನಿಮ್ ಸುತ್ತು ನೀವೇ ಎಣಿಸ್ಕೊಳ್ರೋ. ಮೇಜಿನ ಮುಂದೆ ಕೂತೋರನ್ನ ನಂಬ್ಬೇಡಿ."

ಹತ್ತನೇ ಸುತ್ತಿನಲ್ಲೇ ಶರ್ಮಿಳಾ ಎಲ್ಲರನ್ನೂ ಒಂದು ಸಲ ದಾಟಿದ್ದಳು. ಹನ್ನೆರಡನೆಯದಕ್ಕೆ ಅತಿಥಿಗಳ ಕಾರು ಬಂತು. ಸುತ್ತು ಬರೆದುಕೊಳ್ಳುತ್ತಿದ್ದ ಇಬ್ಬರೂ ಪೆನ್ನು ಬಿಸಾಕಿ ಹಾರ ಹಿಡಿದು ಓಡಿದರು. ಅವರು ಹಲ್ಲು ಕಿರಿದು ಫೋಟೊ ತೆಗೆಸಿಕೊಂಡು ವಾಪಸ್ಸು ಬರುವಷ್ಟರಲ್ಲಿ ಅವರ ಬೆನ್ನ ಹಿಂದೆ ಓಟಗಾರ್ತಿಯರು ಎರಡೆರಡು ಸುತ್ತು ಮುಗಿಸಿದ್ದರು.

ಇಪ್ಪತ್ತನೇ ಅಡಿಕೆ ಬಲ ಜೇಬಿಗೆ ಬಿತ್ತು. "ಸಾಕು, ಆಯ್ತು!" ಎಂದು ರುದ್ರಮೂರ್ತಿ ಕೂಗಿದರು. ಶರ್ಮಿಳಾ ನಿಂತಳು.

"ಏ, ನಿಲ್ಬೇಡ ಕಣಮ್ಮಾ, ಇನ್ನೆರಡೈತೆ!" ಮೈಕಿನಲ್ಲಿ ಅರಚಿದವನು ಸಂಘದ ಕಾರ್ಯದರ್ಶಿ ಪಂಚಾಕ್ಷರಪ್ಪ.

ರುದ್ರಮೂರ್ತಿ ಹೋಗಿ ಮೇಜಿನ ಮೇಲೆ ಅಡಿಕೆ ಸುರಿದರು. "ಎಣಿಸ್ಕೊಳ್ಳಿ. ಇಪ್ಪತ್ತು."

"ಏನ್ ಮೇಷ್ಟ್ರೇ, ಇದೇನ್ ಅಡಿಕೆ ಮಂಡಿನಾ? ಹಾಳೇಲಿ ಹದಿನೆಂಟೈತೆ."

"ನೀವು ಹಾರ ಹಾಕ್ವಾಗ ಹಾಳೆ ತಾನೇ ಎಣಿಸ್ಕೊಂತೇನ್ರೀ?"

"ಇನ್ನೆರಡು ಓಡಿದ್ರೆ ಅವಳ ಗಂಟೇನ್ ಹೋಗ್ತದೆ? ಇಲ್ಲಾಂದ್ರೆ ಅರ್ಧಕ್ಕೇ ಬಿಟ್ಲು ಅಂತ ಬರ್ಕೋತೀನಿ."

ಉಳಿದ ಹುಡುಗಿಯರ ಲೆಕ್ಕವೂ ಹಾಳಾಗಿತ್ತು. ಆದರೆ ಅವರು ಯಾರೂ ಎಣಿಸಿಕೊಂಡಿರಲಿಲ್ಲ; ಓಡಿಸಿದಷ್ಟು ಓಡುತ್ತಿದ್ದರು. ಸರಿಯಾಗಿ ಎಣಿಸಿದವಳೊಬ್ಬಳೇ ತಪ್ಪಿತಸ್ಥೆಯಾಗಿ ಗೆರೆಯ ಮೇಲೆ ನಿಂತು ಮೇಷ್ಟ್ರ ಮುಖ ನೋಡುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ ಪ್ರತಿಮಾ ಎಂಬ ಹುಡುಗಿಗೆ ಹೀಗೇ ಆಗಿತ್ತು. ಆಗ ರುದ್ರಮೂರ್ತಿ, ಓಡಬೇಡ ಎಂದು ಹಠ ಹಿಡಿದು ನ್ಯಾಯಕ್ಕೆ ನಿಂತಿದ್ದರು. ನ್ಯಾಯ ಇವರ ಕಡೆಗಿತ್ತು, ಬಹುಮಾನ ಬೇರೆಯವಳಿಗೆ ಹೋಯಿತು. ಮುಂದಿನ ವರ್ಷದ ಹೊತ್ತಿಗೆ ಪ್ರತಿಮಾಳ ಮದುವೆಯೇ ಆಗಿಹೋಗಿತ್ತು.

"ಓಡಮ್ಮ," ಎಂದರು. ಹಾಗೆ ಹೇಳಿದ್ದಕ್ಕೆ ತಮ್ಮ ಮೇಲೆಯೇ ಅಸಹ್ಯವಾಯಿತು.

ನಿಂತು ಬಿಗಿದ ಕಾಲನ್ನು ಎಳೆದುಕೊಂಡು ಶರ್ಮಿಳಾ ಓಡಿದಳು, ಮೊದಲೇ ಬಂದಳು. ಎಲ್ಲರದ್ದೂ ಮುಗಿದ ಮೇಲೆ ಮೈಕಿನಲ್ಲಿ "ಇಪ್ಪತ್ತು ಸುತ್ತು ಪೂರೈಸಿ ಪ್ರಥಮ" ಎಂದು ಸಾರಿದರು. "ನೋಡಿ ಮೇಷ್ಟ್ರೇ, ಸಲೀಸಾಗಿ ಬಗೆಹರೀತು," ಎಂದು ಪಂಚಾಕ್ಷರಪ್ಪ ಬೆನ್ನು ತಟ್ಟಿದ. ಗೆದ್ದಳಲ್ಲ, ಸಾಕು ಎಂದು ರುದ್ರಮೂರ್ತಿ ಅದನ್ನೂ ನುಂಗಿಕೊಂಡರು.

ಅಷ್ಟರಲ್ಲಿ ಶರ್ಮಿಳಾ ಹತ್ತಿರ ಬಂದಳು. ಗೆದ್ದ ಖುಷಿ ಮುಖದಲ್ಲಿರಲಿಲ್ಲ.

"ಸಾರ್, ನಾನೂ ಇಪ್ಪತ್ತಾಯ್ತು ಅಂತ್ಲೇ ಎಣಿಸಿದ್ದೆ. ನಂಗೇ ತಪ್ಪೋಯ್ತೇನೋ. ಇನ್ಮೇಲೆ ಎಣಿಸಲ್ಲ ಸಾರ್, ಅವ್ರು ಹೇಳಿದಷ್ಟು ಓಡ್ತೀನಿ."

ರುದ್ರಮೂರ್ತಿಯವರಿಗೆ ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಕಲಿಸಿದ್ದನ್ನು ಒಂದು ಹಾರವೂ ತಮ್ಮದೇ ಒಂದು ಮಾತೂ ಸೇರಿ ಅಳಿಸಿಹಾಕಿದ್ದವು. ಮೇಜಿನ ಹತ್ತಿರ ಹೋಗಿ, ಫಲಿತಾಂಶದ ಹಾಳೆಯಲ್ಲಿ ಇಪ್ಪತ್ತನ್ನು ಹೊಡೆದು ಇಪ್ಪತ್ತೆರಡು ಎಂದು ಬರೆದು ಸಹಿ ಹಾಕಿದರು. ಮೈಕು ಕಿತ್ತುಕೊಂಡರು.

"ಶರ್ಮಿಳಾ ಓಡಿದ್ದು ಇಪ್ಪತ್ತೆರಡು ಸುತ್ತು. ಅವಳ ಎಣಿಕೆ ಸರಿ, ಈ ಮೇಜಿಂದು ತಪ್ಪು. ತಪ್ಪು ಅಂತ ಗೊತ್ತಿದ್ದೂ ಓಡು ಅಂದೋನು ನಾನು, ನಂದೂ ತಪ್ಪೇ."

"ಏನ್ರೀ ಇದು, ಅತಿಥಿಗಳ ಮುಂದೆ!" ಪಂಚಾಕ್ಷರಪ್ಪ ಮೈಕು ಕಸಿದುಕೊಂಡ. ಅಷ್ಟರಲ್ಲಿ ಹುಲ್ಲಿನ ಮೇಲೆ ಕಾಲು ಚಾಚಿ ಏದುಸಿರು ಬಿಡುತ್ತಿದ್ದ ಹುಡುಗಿಯರಲ್ಲಿ ಒಬ್ಬಳು, ಎಲ್ಲರಿಗಿಂತ ಕೊನೆಗೆ ಬಂದವಳು, ಎದ್ದು ನಿಂತಳು.

"ಹಂಗಾದ್ರೆ ನಾವೂ ಇಪ್ಪತ್ತೆರಡು ಓಡಿದ್ವಾ ಸಾರ್?"

ಅವಳು ಕೇಳಿದ್ದು ಪಂಚಾಕ್ಷರಪ್ಪನನ್ನು. ಮೈಕು ಅವನ ಕೈಯಲ್ಲೇ ಇತ್ತು.