ಆಳಿಗೆ ಕಿಟಕಿ ಯಾಕೆ

ಮೂವತ್ತೆರಡು ವರ್ಷ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯ ಸ್ಟೋರ್ಸ್ ವಿಭಾಗದಲ್ಲಿ ಕೂತವಳು ನಾನು. ಸೀತಮ್ಮನ ಕಣ್ಣು ತಪ್ಪಿಸಿ ಒಂದು ಮೊಳೆಯೂ ಒಳಗೆ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ ಅಂತ ಹೆಸರು. ಗೋದಾಮಿನಲ್ಲಿ ಹೊರೆ ಹೊರುತ್ತಿದ್ದ ದಾಮೋದರ ಒಂದು ಬೇಸಿಗೆಯಲ್ಲಿ, ತಗಡಿನ ಸೂರಿನ ಕೆಳಗೆ ಬೇಯುತ್ತಿದ್ದೇನೆ, ಒಂದು ಫ್ಯಾನು ಕೊಡಿಸಿ ಅಂತ ಅರ್ಜಿ ತಂದ. 'ಅವಕಾಶವಿಲ್ಲ' ಎಂದು ಬರೆದು ವಾಪಸು ಕಳಿಸಿದೆ. ನಿಯಮದಲ್ಲಿರಲಿಲ್ಲ, ಬರೆದೆ. ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು.

ನಿವೃತ್ತಿಗೆ ಎರಡು ತಿಂಗಳಿತ್ತು. ಕ್ವಾರ್ಟರ್ಸ್ ಬಿಡಬೇಕು. ಮದುವೆ ಗಿದುವೆ ಆಗದ ನನಗೆ ಇದ್ದದ್ದು ತಮ್ಮ ನಟರಾಜ ಒಬ್ಬನೇ. ತ್ರಿಪ್ಪುಣಿತ್ತುರದಲ್ಲಿ ಅವನ ಸ್ವಂತ ಮನೆ. "ಕೆಳಗಿನ ರೂಮು ನಿಂದೇ ಅಕ್ಕ" ಅಂತ ಹತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದ. ಪೂರ್ವಕ್ಕೆ ದೊಡ್ಡ ಕಿಟಕಿ, ಆಚೆಗೆ ಒಂದು ಸೀಬೆಮರ. ರಜೆಗೆ ಹೋದಾಗೆಲ್ಲ ಅಲ್ಲಿ ಮಲಗಿ, ನನ್ನ ಕಡೆಗಾಲ ಇಲ್ಲೇ ಅಂದುಕೊಂಡು ಖುಷಿಪಡುತ್ತಿದ್ದೆ. ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಆ ರೂಮೊಂದೇ.

ಒಂದು ದಿನ ಅವನ ಫೋನು ಬಂತು. "ಅಕ್ಕ, ಮೇಲೊಂದು ಮಹಡಿ ಕಟ್ಟಿಸ್ತಿದೀವಿ. ಅಂಗಳದಲ್ಲಿ ಒಂದು ಕಂಟೇನರ್ ಇಡಿಸ್ಬೇಕು. ಅರ್ಧದಲ್ಲಿ ಸಾಮಾನು, ಇನ್ನರ್ಧದಲ್ಲಿ ಒಬ್ರು ಇರ್ತಾರೆ. ನೀನು ಬಂದು ಆರಿಸ್ಕೊಡು."

ಒಬ್ಬರು ಅಂದರೆ ಯಾರು ಅಂತ ನಾನು ಕೇಳಲಿಲ್ಲ. ಕಟ್ಟಡದ ಕಾವಲಿಗೆ ಬರುವವನು, ಇನ್ಯಾರು? ತಮ್ಮನಿಗೆ ಇಷ್ಟು ವರ್ಷಕ್ಕೆ ನನ್ನ ಕೆಲಸದ ಬೆಲೆ ತಿಳಿಯಿತಲ್ಲ ಅಂತ ಹಿಗ್ಗಿ ಹೀರೇಕಾಯಿಯಾಗಿ, ಬೆಳಗಿನ ರೈಲು ಹತ್ತಿ ಆಲುವದಲ್ಲಿ ಇಳಿದೆ.

ನಟರಾಜ ಹೆಂಡತಿ ರಮ್ಯಶ್ರೀಯನ್ನೂ ಕರೆದುಕೊಂಡು ಕಾರು ತಂದಿದ್ದ. ಹಳೆಯ ಕಂಟೇನರ್‌ಗಳ ಯಾರ್ಡು ಅಲ್ಲಿಂದ ಹತ್ತು ನಿಮಿಷ. ಅದನ್ನು ನಡೆಸುವವಳು ಜುಬೈದಾ. ನನ್ನ ವಯಸ್ಸಿನವಳೇ, ಬಿಸಿಲಿಗೆ ತಲೆಯ ಮೇಲಿನ ಬಟ್ಟೆ ಎಳೆದುಕೊಂಡು ಮುಂದೆ ಮುಂದೆ ನಡೆದಳು. ನಮ್ಮ ಅಳತೆಗೆ ಸರಿಹೋಗುವ ಎರಡನ್ನು ತೋರಿಸಿದಳು.

ಮೊದಲನೆಯದು ಯಾವುದೋ ಸೇತುವೆ ಕೆಲಸದಲ್ಲಿ ಆಫೀಸಾಗಿದ್ದದ್ದು. ಎರಡು ಕಿಟಕಿ, ಫ್ಯಾನಿಗೆ ಜಾಗ, ಗೋಡೆಗೆ ಒಳಗಿನಿಂದ ಪ್ಲೈವುಡ್ಡು, ಒಳಚಿಲಕವಿರುವ ಪುಟ್ಟ ಬಾಗಿಲು. ಎರಡನೆಯದು ಹಡಗಿನಿಂದ ಇಳಿದ ಹಾಗೇ ಇತ್ತು. ಬರೀ ಕಬ್ಬಿಣ. ಎರಡು ಭಾರೀ ಬಾಗಿಲು, ಹೊರಗಡೆ ಮಾತ್ರ ಅಗುಳಿ.

"ಅಕ್ಕ, ಕಿಟಕಿ ಇರೋದೇ ತಗೊಳ್ಳೋಣ ಅಲ್ವಾ?" ಎಂದ ನಟರಾಜ.

"ನಿನಗೇನೋ ಗೊತ್ತು? ಕಿಟಕಿ ಕೊರೆದ ಕಡೆಯೆಲ್ಲ ತುಕ್ಕು. ಮಳೆ ನೀರು ಬರತ್ತೆ, ಇಲಿ ಬರತ್ತೆ. ಸುಮ್ನಿರು."

ಎರಡನೆಯದನ್ನು ಪರೀಕ್ಷೆ ಮಾಡಿದೆ. ಕಂಟೇನರ್ ನೋಡುವ ಕ್ರಮ ಒಂದೇ: ಒಳಗೆ ನಿಂತು, ಬಾಗಿಲು ಹಾಕಿಸಿ, ಬೆಳಕು ನುಸುಳುತ್ತದೆಯೋ ನೋಡಬೇಕು. ಎಲ್ಲಿ ಬೆಳಕೋ ಅಲ್ಲಿ ತೂತು. ನಾನು ಒಳಗೆ ನಿಂತೆ, ಜುಬೈದಾ ಹೊರಗಿನಿಂದ ಬಾಗಿಲು ಹಾಕಿದಳು. ಸೂಜಿಮೊನೆಯಷ್ಟೂ ಬೆಳಕಿರಲಿಲ್ಲ. ಎರಡೇ ನಿಮಿಷಕ್ಕೆ ರವಿಕೆ ಒದ್ದೆಯಾಗಿ ಮೈಗೆ ಅಂಟಿತು, ಉಸಿರು ಕಟ್ಟಿತು. ಆದರೂ ಗೆದ್ದವಳ ಹಾಗೆ ಹೊರಬಂದೆ. "ಇದೇ ಇರ್ಲಿ. ಬಂಗಾರದಂಥ ಮಾಲು."

ಜುಬೈದಾ ನೀರಿನ ಬಾಟಲಿ ಕೊಟ್ಟು, ನನ್ನ ಮುಖವನ್ನೇ ನೋಡುತ್ತಾ, "ಒರಾಳ್ ಕಿಡಕ್ಕುನ್ನದಲ್ಲೇ ಚೇಚ್ಚಿ?" ಎಂದಳು. ಒಬ್ಬ ಮನುಷ್ಯ ಮಲಗುವ ಜಾಗ ತಾನೇ, ಅಕ್ಕ?

ಮಲಯಾಳದಲ್ಲಿ ಒರಾಳ್ ಅಂದರೆ ಒಬ್ಬ ಮನುಷ್ಯ. ಮೂವತ್ತೆರಡು ವರ್ಷ ಆ ಭಾಷೆಯಲ್ಲೇ ಜಗಳವಾಡಿದ ನನಗೆ ಗೊತ್ತಿಲ್ಲವೇ? ಆದರೂ ಅವತ್ತು ನನ್ನ ಕಿವಿಗೆ ಬಿದ್ದದ್ದು ಕನ್ನಡದ ಆಳು.

"ಆಳಿಗೆ ಕಿಟಕಿ ಯಾಕೆ?" ಎಂದೆ. "ಇವತ್ತು ಕಿಟಕಿ ಅಂತಾನೆ, ನಾಳೆ ಫ್ಯಾನು ಅಂತಾನೆ. ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾನೆ."

ನಟರಾಜ ಬಾಯಿ ತೆರೆದ. "ಅಕ್ಕ, ಅದು ಹಾಗಲ್ಲ..."

ರಮ್ಯಶ್ರೀ ಅವನ ತೋಳು ಹಿಡಿದಳು. ಅವಳ ಮಾತು ಯಾವಾಗಲೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. "ಅತ್ತಿಗೆ ಹೇಳಿದ್ಮೇಲೆ ಮುಗೀತು ಬಿಡಿ. ಅವರಿಗಿಂತ ತಿಳಿದೋರು ಯಾರಿದಾರೆ?"

ಆ ಹೊಗಳಿಕೆಯನ್ನು ನಾನು ನಿಜವೆಂದೇ ನಂಬಿದೆ. ದಡ್ಡಿ!

ನಿವೃತ್ತಿಯಾದ ಮರುವಾರ ಟ್ರಂಕು, ಹಾಸಿಗೆ, ಅಮ್ಮನ ತಾಮ್ರದ ಹಂಡೆ ಎಲ್ಲವನ್ನೂ ಟೆಂಪೋದಲ್ಲಿ ಹಾಕಿಸಿಕೊಂಡು ತ್ರಿಪ್ಪುಣಿತ್ತುರಕ್ಕೆ ಬಂದಿಳಿದೆ. ನೇರ ನನ್ನ ರೂಮಿಗೆ ಹೋದೆ. ಮಂಚವಿರಲಿಲ್ಲ. ಕಿಟಕಿಯ ಪಕ್ಕ ಮೇಜು, ಎರಡು ಕಂಪ್ಯೂಟರು. ಐಟಿ ಕಂಪನಿಯಲ್ಲಿರುವ ತಮ್ಮನ ಮಗಳು ಸಮೀಕ್ಷಾ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಳು. ನನ್ನನ್ನು ನೋಡಿ ಕೈ ಎತ್ತಿದಳು, ಮತ್ತೆ ತನ್ನ ಮೀಟಿಂಗಿಗೆ ತಿರುಗಿದಳು.

"ಮಗು ಮನೆಯಿಂದಲೇ ಕೆಲಸ ಮಾಡ್ಬೇಕಂತೆ ಅತ್ತಿಗೆ," ಎಂದಳು ರಮ್ಯಶ್ರೀ. "ನಿಮ್ಮ ಮಂಚ ಕಂಟೇನರ್‌ನಲ್ಲಿ ಹಾಕ್ಸಿದೀನಿ. ಅಚ್ಚುಕಟ್ಟಾಗಿದೆ."

ನನಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಹಿಂದೆ ನಿಂತಿದ್ದ ತಮ್ಮನ ಕಡೆ ತಿರುಗಿದೆ.

"ನಟರಾಜ, ಒಬ್ರು ಇರ್ತಾರೆ ಅಂದ್ಯಲ್ಲೋ. ಅದು ನಾನೇನೋ?"

ಅವನು ತನ್ನ ಚಪ್ಪಲಿ ನೋಡಿಕೊಂಡ. "ಮಹಡಿ ಮುಗಿಯೋವರೆಗೂ ಅಷ್ಟೇ ಅಕ್ಕ."

"ಅಯ್ಯೋ, ಕಿಟಕಿ ಇಲ್ವಲ್ಲೋ ಅದಕ್ಕೆ!"

"ಆ ಯಾರ್ಡಿನವಳೂ ಕೇಳಿದ್ಲು," ಎಂದಳು ರಮ್ಯಶ್ರೀ. "ನೀವೇ ಅಲ್ವಾ ಬೇಡ ಅಂದಿದ್ದು?"

"ಈಗ ಒಂದು ಕೊರೆಸಿದ್ರಾಯ್ತು."

"ಕೊರೆದ್ರೆ ತುಕ್ಕು ಹಿಡಿಯತ್ತೆ ಅತ್ತಿಗೆ. ಇಲಿ ಬರತ್ತೆ."

ಮಾಡಿದ್ದುಣ್ಣೋ ಮಹರಾಯ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟಳು. ಕುಡಿದೆ. ಎಲ್ಲಿಗೆ ಹೋಗಲಿ? ಕ್ವಾರ್ಟರ್ಸಿನ ಕೀಲಿ ಒಪ್ಪಿಸಿ ಬಂದಿದ್ದೆ.

ಇದಾಗಿ ಐದನೆಯ ದಿನ ಮಧ್ಯಾಹ್ನ, ಕಂಟೇನರ್ ಒಳಗೆ ಮಂಚದ ಮೇಲೆ ಒರಗಿದ್ದೆ. ಹೊರಗೆ ಟೈಲ್ಸ್ ಕೊಯ್ಯುತ್ತಿದ್ದರು, ಧೂಳೋ ಧೂಳು. ಸಾಮಾನಿಗೆ ಧೂಳು ಹಿಡಿಯಬಾರದೆಂದು ಕೆಲಸದವನೊಬ್ಬ ಎರಡೂ ಬಾಗಿಲು ತಳ್ಳಿ ಅಗುಳಿ ಹಾಕಿದ. ಒಮ್ಮೆಲೇ ಕಗ್ಗತ್ತಲು. ತಡವರಿಸಿಕೊಂಡು ಹೋಗಿ ಎರಡೂ ಕೈಯಿಂದ ಬಡಿದೆ, ಕಿರುಚಿದೆ. ಯಂತ್ರದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ದಾಮೋದರನ ಅರ್ಜಿ ನೆನಪಾಯಿತು. ಅವನ ಕೈಬರಹ ಕೂಡ ನೆನಪಾಯಿತು.

ಎಷ್ಟೋ ಹೊತ್ತಿನ ಮೇಲೆ ಯಂತ್ರ ನಿಂತಿತು. ಒಳಗೆ ಯಾರಿದ್ದಾರೆ ಎಂದು ಕೆಲಸದವನು ಕೇಳುವುದು ಕೇಳಿಸಿತು. ಸಮೀಕ್ಷಾ ಕಿಟಕಿಯಿಂದ, ಆ ನನ್ನ ಕಿಟಕಿಯಿಂದಲೇ, ಉತ್ತರ ಕೊಟ್ಟಳು.

"ಅದಿಲ್ ಒರಾಳುಂಡ್."

ಅತ್ತೆ ಇದ್ದಾರೆ ಅನ್ನಲಿಲ್ಲ. ಒರಾಳ್ ಅಂದಳು. ಮಗುವಿಗೆ ಯಾವ ಕೆಟ್ಟ ಮನಸ್ಸೂ ಇರಲಿಲ್ಲ, ಸರಿಯಾದ ಮಲಯಾಳವನ್ನೇ ಹೇಳಿದ್ದಳು. ಅಗುಳಿ ಬಿಗಿಯಾಗಿತ್ತು, ತೆಗೆಯಲು ಅವರಿಗೆ ತುಸು ಹೊತ್ತೇ ಹಿಡಿಯಿತು. ಅಷ್ಟರವರೆಗೆ ನಾನು ಕತ್ತಲಲ್ಲಿ ನಿಂತು, ಗೋಡೆಯುದ್ದಕ್ಕೂ ಒಂದಾದರೂ ತೂತಿದೆಯೇ ಎಂದು ಹುಡುಕಿದೆ. ಒಂದೂ ಇರಲಿಲ್ಲ.