ವಿನಿಷಾಳ ಕೈಗೆ ಬಂದ ದೊಡ್ಡ ಮತಪತ್ರ

ಇದು ಕಾನೂನು ಓದಿದವರು ಹೇಳಬೇಕಾದ ಮಾತು. ಅಷ್ಟು ಓದಿಲ್ಲದ ನಾವು ಹೇಳಹೊರಟಿದ್ದೇವೆ, ಕ್ಷಮಿಸಿ, ತಪ್ಪಿದ್ದರೆ ತಿದ್ದಿ.

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುವ ವಿನಿಷಾಳಿಗೆ ಆ ವಾರ ಊಟವೇ ಸೇರಲಿಲ್ಲ. ಸಿಟಿಜನ್ ಆದ ಮೇಲೆ ಬಂದ ಮೊದಲ ರಾಜ್ಯ ಚುನಾವಣೆ ಶನಿವಾರವಿತ್ತು. ಎರಡು ಮತಪತ್ರ ಕೊಡುತ್ತಾರಂತೆ. ಚಿಕ್ಕದು ಲೆಜಿಸ್ಲೇಟಿವ್ ಅಸೆಂಬ್ಲಿಗೆ, ಅಂದರೆ ವಿಧಾನಸಭೆಗೆ. ಮೇಜು ತುಂಬುವಷ್ಟು ದೊಡ್ಡದು ಲೆಜಿಸ್ಲೇಟಿವ್ ಕೌನ್ಸಿಲ್‌ಗೆ, ಅಂದರೆ ವಿಧಾನ ಪರಿಷತ್ತಿಗೆ.

ಅವಳ ಗಂಡ ಆಲ್ಫೋನ್ಸ್ ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಪದವೀಧರರ ಕ್ಷೇತ್ರದಲ್ಲಿ ಪರಿಷತ್ತಿಗೆ ಮತ ಹಾಕಿದ್ದವನು. ಪಿಯುಸಿಗೇ ಓದು ನಿಲ್ಲಿಸಿದ ವಿನಿಷಾಳಿಗೆ ಅಲ್ಲಿ ಆ ಮತ ಇರಲಿಲ್ಲ. ದೊಡ್ಡದನ್ನು ಖಾಲಿಯೇ ಮಡಚಿ ಪೆಟ್ಟಿಗೆಗೆ ಹಾಕು, ಇಲ್ಲದ ಹಕ್ಕು ಚಲಾಯಿಸಿ ಸಿಟಿಜನ್‌ಶಿಪ್‌ಗೆ ಕುತ್ತು ತಂದುಕೊಳ್ಳಬೇಡ ಎಂದು ಅವನು ಎಚ್ಚರಿಸಿದ್ದ.

ಶುಕ್ರವಾರ ಸಂಜೆ ಮೇಲಿನ ಫ್ಲ್ಯಾಟಿನ ಪದ್ಮಿನಿ ಆಂಟಿ ಬಂದರು. ಮೈಸೂರಿನವರು, ಹಿಂದೊಮ್ಮೆ ಮತಗಟ್ಟೆಯಲ್ಲಿ ಕೆಲಸ ಮಾಡಿದ್ದವರು. ವಿನಿಷಾ ಅಳುಕುತ್ತಲೇ ಕೇಳಿದಳು.

"ಆಂಟಿ, ನನಗೆ ಡಿಗ್ರಿ ಇಲ್ಲ. ದೊಡ್ಡ ಪೇಪರ್‌ನಲ್ಲಿ ಬರೆದ್ರೆ ಕೇಸ್ ಆಗ್ತದಾ?"

"ಯಾರಮ್ಮ ಹೇಳಿದ್ದು?"

ವಿನಿಷಾ ಗಂಡನ ಕಡೆ ನೋಡಿದಳು.

"ಇಲ್ಲಿಯ ದೊಡ್ಡ ಪೇಪರ್‌ನ ಹಾಗೇ ನಮ್ಮ ಪರಿಷತ್ತಿಗೂ ಇಷ್ಟದ ಕ್ರಮದಲ್ಲಿ ಒಂದು, ಎರಡು ಅಂತ ನಂಬರ್ ಬರೆಯುವುದು," ಎಂದ ಆಲ್ಫೋನ್ಸ್. "ಹಾಗಾದ್ರೆ ಡಿಗ್ರಿಯ ರೂಲ್ ಮಾತ್ರ ಇಲ್ಲಿ ಬೇರೆಯಾ ಆಂಟಿ?"

"ಚಿಕ್ಕ ಪೇಪರ್‌ನಲ್ಲೂ ನಂಬರೇ ಬರೆಯೋದು ಕಣಪ್ಪ. ನಿನ್ನ ಬಿ.ಕಾಂ. ಇಲ್ಲಿ ಯಾರೂ ಕೇಳಲ್ಲ, ಬೇಜಾರು ಮಾಡ್ಕೋಬೇಡ."

ಇಲ್ಲಿ ಎರಡೂ ಸದನಗಳನ್ನು ಮತದಾರರೆಲ್ಲರೂ ಆರಿಸುತ್ತಾರೆ ಎಂದು ಆಂಟಿ ಬಿಡಿಸಿ ಹೇಳಿದರು. ಕ್ಯಾನ್‌ಬೆರಾದ ಸೆನೆಟ್ಟಿಗೂ, ಅಂದರೆ ದೇಶದ ಸಂಸತ್ತಿನ ಮೇಲ್ಮನೆಗೂ, ಜನರದೇ ಮತ. ನಮ್ಮ ರಾಜ್ಯಸಭೆಯಂತೆ ಶಾಸಕರು ಆರಿಸುವುದಲ್ಲ. ಹೆಸರಿನಲ್ಲಿ ಕೌನ್ಸಿಲ್ ಇದ್ದರೂ ಕಸದ ಬಿನ್ ನೋಡಿಕೊಳ್ಳುವ ಸಿಟಿ ಕೌನ್ಸಿಲ್ ಬೇರೆಯೇ, ಅದರ ಚುನಾವಣೆಯೂ ಬೇರೆ.

"ಖಾಲಿ ಹಾಕಿದ್ರೆ ಆ ಮತ ಲೆಕ್ಕಕ್ಕೇ ಬರಲ್ಲ ವಿನಿಷಾ. ಕೆಳಮನೆ ಒಪ್ಪಿದ ಕಾನೂನನ್ನ ಮೇಲ್ಮನೆ ತಿದ್ದಬಹುದು. ಅಲ್ಲಿ ಯಾರು ಕೂರಬೇಕು ಅನ್ನೋದನ್ನ ನೀನೂ ಹೇಳ್ಬೇಕು."

ಆಲ್ಫೋನ್ಸ್‌ಗೆ ಆಗಲೂ ಪೂರ್ತಿ ನಂಬಿಕೆ ಬರಲಿಲ್ಲ. ಫೋನ್ ತೆಗೆದು ಚುನಾವಣಾ ಆಯೋಗದ ವೆಬ್‌ಸೈಟ್ ಹುಡುಕಿದ. ಡಿಗ್ರಿಯ ಮಾತೇ ಎಲ್ಲೂ ಇರಲಿಲ್ಲ. "ನೀನು ಹಾಕು," ಎಂದ, ಮೆಲ್ಲಗೆ.

ಶನಿವಾರ ಮತಗಟ್ಟೆಯಲ್ಲಿ ದೊಡ್ಡ ಮತಪತ್ರ ತುಂಬುವಾಗ ವಿನಿಷಾಳ ಅಂಕೆ ಬೇರೆ ಚೌಕಕ್ಕೆ ಬಿತ್ತು. ಸಿಬ್ಬಂದಿಗೆ ಹೇಳಿದಳು, ಅವರು ಹಳೆಯದನ್ನು ಪಡೆದು ಹೊಸ ಮತಪತ್ರ ಕೊಟ್ಟರು. ಈ ಸಲ ನಿಧಾನವಾಗಿ ಬರೆದಳು.

ಓದುಗರೇ, ಸಿಡ್ನಿಯಲ್ಲಿರಲಿ, ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿರಲಿ, ನಿಮ್ಮ ಕೈಗೆ ಬಂದ ಎರಡೂ ಮತಪತ್ರ ನಿಮ್ಮವೇ. ಅಂಕೆ ಬರೆಯುವ ಕ್ರಮ ಚುನಾವಣೆಯಿಂದ ಚುನಾವಣೆಗೆ ಬೇರೆಯಾಗುತ್ತದೆ. ಮತಪತ್ರದ ಮೇಲಿರುವ ಸೂಚನೆ ಓದಿ, ಅರ್ಥವಾಗದಿದ್ದರೆ ಕೇಳಿ. ಖಾಲಿ ಮಾತ್ರ ಮಡಚಬೇಡಿ.

ವಿನಿಷಾ ಯಾರಿಗೆ ಮತ ಹಾಕಿದಳು ಎಂಬುದು ಆಲ್ಫೋನ್ಸ್‌ಗೂ ಗೊತ್ತಿಲ್ಲ. ಅವಳು ಆರಿಸಿದವರು ಆ ಸದನದಲ್ಲಿ ಅವಳ ಪರವಾಗಿ ಬಾಯಿ ತೆರೆಯುತ್ತಾರೋ ಇಲ್ಲವೋ, ಅದು ನಮಗೂ ತಿಳಿಯದು.