ಕೆಂಪು ತಲೆಯ ಗುಂಡುಸೂಜಿಗಳು

ನಮ್ಮ ಬೀದಿಯವರದು ಒಂದು ವಿಚಿತ್ರ ಮರ್ಯಾದೆ. ಒಳಗೊಳಗೆ ಎಷ್ಟು ಬೇಕಾದರೂ ಕಚ್ಚಾಡುತ್ತೇವೆ. ನೀರು ಚೆಲ್ಲಿದ್ದಕ್ಕೆ, ಸ್ಕೂಟರ್ ಅಡ್ಡ ನಿಲ್ಲಿಸಿದ್ದಕ್ಕೆ ಗಂಟಲು ಹರಿಯುವ ತನಕ ಕೂಗಾಡುತ್ತೇವೆ. ಆದರೆ ಹೊರಗಿನವರೊಬ್ಬರು ಬಂದು ನಿಂತರೆ ಸಾಕು, ಎಲ್ಲರ ಬಾಯಿಗೂ ಬೀಗ. ಪಕ್ಕದ ಮನೆಯ ಗೋಡೆ ಕಣ್ಣೆದುರೇ ಉದುರುತ್ತಿದ್ದರೂ ‘ಗಟ್ಟಿಯಾಗಿದೆ ಸಾರ್’ ಎನ್ನುತ್ತೇವೆ. ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಬಹಳ ಇಷ್ಟವಾಗಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ನಾನು ಟೈಲರ್. ಬೀದಿಯ ಮೂಲೆಯ ಹಳೆಯ ಮನೆ ನಮ್ಮದು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ನಾನು, ಮಗಳು, ಅತ್ತೆ. ಗಂಡ ತೀರಿಕೊಂಡ ಮೇಲೆ ಮನೆ ನಡೆಸಿದ್ದು ಆ ಹೊಲಿಗೆ ಯಂತ್ರವೇ. ಅತ್ತೆಗೆ ಎರಡೂ ಕಣ್ಣು ಕಾಣುವುದಿಲ್ಲ. ಆದರೆ ಮನೆಯೊಳಗೆ ಅವರನ್ನು ನೋಡಿದ ಯಾರೂ ಅದನ್ನು ನಂಬುವುದಿಲ್ಲ. ಗೋಡೆಗೆ ಬೆರಳು ತಾಗಿಸಿಕೊಂಡು ಮೆಟ್ಟಿಲಿಳಿದು ಬರುತ್ತಾರೆ, ಒಲೆ ಹಚ್ಚುತ್ತಾರೆ, ನಾನು ಕತ್ತರಿ ಎಲ್ಲಿ ಮರೆತಿದ್ದೇನೆಂದು ನನಗೇ ಹೇಳುತ್ತಾರೆ. ಒಮ್ಮೆ ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದಷ್ಟು ದಿನವೂ ಮಂಚದಿಂದ ಇಳಿಯಲಿಲ್ಲ. ವಾಪಸು ಬಂದು ನಮ್ಮ ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದಾಗ, “ಅಬ್ಬಾ, ಕಣ್ಣು ಬಂತು” ಎಂದರು. ಅತ್ತೆಗೆ ಮನೆ ಅಂದರೆ ಕಣ್ಣು, ಅಷ್ಟೇ ವಿಷಯ.

ಇದನ್ನೆಲ್ಲ ಶುರು ಮಾಡಿದ್ದು ನನ್ನ ಮಗಳು ಮತ್ತು ಅವಳ ಸ್ನೇಹಿತರು. ಅವಳು ನರ್ಸಿಂಗ್ ಓದುತ್ತಾಳೆ. ಬೀದಿಯ ಹುಡುಗ ಹುಡುಗಿಯರಿಗೆ ಕೂತು ಮಾತಾಡಲು ಒಂದು ಜಾಗವಿರಲಿಲ್ಲ. ಬೇಕರಿಯ ಮೆಟ್ಟಿಲ ಮೇಲೆ ಕೂತರೆ ಗಿರಾಕಿಗಳಿಗೆ ಅಡ್ಡ, ನನ್ನ ಅಂಗಡಿ ಮುಂದೆ ನಿಂತರೆ ನನಗೆ ಅಡ್ಡ. ಯೋಜನಾ ಕಚೇರಿಯವರು ಬೀದಿಯನ್ನು ಸುಧಾರಿಸುತ್ತಾರಂತೆ, ಏನು ಬೇಕೆಂದು ಜನರೇ ಹೇಳಬಹುದಂತೆ ಎಂಬ ಸುದ್ದಿ ಬಂದದ್ದೇ ತಡ, ಇವರು ಸೊಂಟ ಕಟ್ಟಿ ನಿಂತರು. ಕೂರಲು ಜಾಗ, ಒಂದು ಓದುವ ಕೋಣೆ, ಬೀದಿ ದೀಪ, ಚರಂಡಿಗೆ ಮುಚ್ಚಳ, ಇಷ್ಟು ಅವರ ಬೇಡಿಕೆ. ಬೇಕರಿಯವನು ಇವರಿಗೆ ‘ಮರಿ ಮುನ್ಸಿಪಾಲ್ಟಿ’ ಎಂದು ಹೆಸರಿಟ್ಟ. ಹಾಗೆ ಆಡಿಕೊಂಡವನೇ ಖಾಲಿ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಕೊಟ್ಟ.

ಆ ರಟ್ಟಿನಲ್ಲಿ ಮಕ್ಕಳು ಇಡೀ ಬೀದಿಯ ಮಾದರಿ ಮಾಡಿದರು. ಏನು ಚೆನ್ನಾಗಿತ್ತು ಅಂತೀರಿ! ಬೇಕರಿಯ ಚಿಮಣಿ, ನಿವೃತ್ತ ಟೀಚರಮ್ಮನ ಕಿಟಕಿಯ ಸರಳು, ನಮ್ಮ ಮೆಟ್ಟಿಲ ತಿರುವು, ಒಂದನ್ನೂ ಬಿಟ್ಟಿರಲಿಲ್ಲ. ನಾನು ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ ಅದರ ಮೇಲೆ ಇಡಿಸಿದೆ. ಬೀದಿಯವರೆಲ್ಲ ಬಂದು ತಂತಮ್ಮ ಮನೆ ಹುಡುಕಿಕೊಂಡು ಮಕ್ಕಳಂತೆ ನಕ್ಕರು.

ಅಧಿಕಾರಿ ಬಂದದ್ದು ಒಂದು ಸಂಜೆ. ಸಣ್ಣ ದನಿಯ ಮನುಷ್ಯ, ಎಲ್ಲರನ್ನೂ ಅಮ್ಮ, ಅಣ್ಣ ಎನ್ನುತ್ತಿದ್ದ. ಯಾವುದಕ್ಕೂ ಆಗಲ್ಲ ಎನ್ನಲಿಲ್ಲ. ಏನನ್ನೂ ಬರೆದುಕೊಳ್ಳಲೂ ಇಲ್ಲ, ಬರೀ ಫೋಟೋ ತೆಗೆಯುತ್ತಿದ್ದ. ಮಾದರಿಯನ್ನು ಕಂಡು ಅವನ ಮುಖ ಅರಳಿತು. ನನ್ನ ಗುಂಡುಸೂಜಿಯ ಡಬ್ಬಿಯತ್ತ ಬೆರಳು ಮಾಡಿ, “ಅಮ್ಮ, ಇದನ್ನ ಸ್ವಲ್ಪ ಕೊಡ್ತೀರಾ?” ಎಂದ. ಇದ್ದಂತೆಯೇ ಇರಲಿ ಅನ್ನುವ ಜಾಗಕ್ಕೆ ಬಿಳಿ ತಲೆಯ ಸೂಜಿ, ಸರಿಯಿಲ್ಲ ಅನ್ನುವ ಜಾಗಕ್ಕೆ ಕೆಂಪು ತಲೆಯದು. ಒಬ್ಬೊಬ್ಬರಿಗೂ ಬಿಳಿಯದೊಂದು, ಕೆಂಪಿನದೊಂದು.

ಬಿಳಿಯದು ಸರಸರ ಖರ್ಚಾಯಿತು. ಕೆಂಪು ಸೂಜಿ ಹಿಡಿದು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಯಾರ ಮನೆಗೆ ಅಂತ ಚುಚ್ಚುವುದು? ಬೇಕರಿಯ ಚಿಮಣಿ ವಾಲಿರುವುದು ಊರಿಗೇ ಗೊತ್ತು, ಆದರೆ ಬೇಕರಿಯವನು ಪಕ್ಕದಲ್ಲೇ ನಿಂತಿದ್ದ. ಟೀಚರಮ್ಮನ ಸೂರು ಸೋರುತ್ತದೆ, ಆದರೆ ಅವರು ಅರ್ಧ ಬೀದಿಗೆ ಅಕ್ಷರ ಕಲಿಸಿದವರು. ಮಕ್ಕಳ ಕೆಲಸ ಕೆಟ್ಟುಹೋಗುತ್ತದಲ್ಲ ಎಂದು ನನಗೆ ಸಂಕಟವಾಯಿತು.

“ಅಯ್ಯೋ, ನಮ್ಮನೆಗೇ ಚುಚ್ರಪ್ಪ! ನಾನೇನೂ ಅಂದ್ಕೊಳ್ಳಲ್ಲ,” ಎಂದೆ. “ನಮ್ಮ ಮೆಟ್ಟಿಲು ಅಲ್ಲಾಡೋದು ಯಾರಿಗೆ ಗೊತ್ತಿಲ್ಲ?”

ಎಲ್ಲರಿಗೂ ಉಸಿರು ಬಂದಂತಾಯಿತು. “ಹಂಗಾದ್ರೆ ಅಕ್ಕನ ಮನೆಗೇ ಆಗ್ಲಿ,” ಎಂದು ಬೇಕರಿಯವನು ನಗುತ್ತ ಮೊದಲನೆಯದನ್ನು ಚುಚ್ಚಿದ. ಟೀಚರಮ್ಮ ನನ್ನ ಗಲ್ಲ ಸವರಿ ಎರಡನೆಯದನ್ನು ಚುಚ್ಚಿದರು. ಆಮೇಲೆ ಸಾಲುಗಟ್ಟಿ ಬಂದು ಚುಚ್ಚಿದರು. ನಮ್ಮ ರಟ್ಟಿನ ಮನೆಯ ಮೇಲೆ ಜಾಗವೇ ಉಳಿಯಲಿಲ್ಲ. ಅಧಿಕಾರಿ ಬಗ್ಗಿ ಬಹಳ ಹತ್ತಿರದಿಂದ ಫೋಟೋ ತೆಗೆದುಕೊಂಡ.

ಅವನು ಹೋದ ಮೇಲೆ ಅತ್ತೆ ಇಳಿದು ಬಂದರು. ಮೊಮ್ಮಗಳು ಅವರ ಕೈ ಹಿಡಿದು ಮಾದರಿಯ ಮೇಲಿಟ್ಟಳು. ಬೆರಳು ಮೆಲ್ಲಗೆ ಹರಿಯಿತು. “ಇದು ಬೇಕರಿ. ಇದು ಟೀಚರಮ್ಮನ ಮನೆ. ಇದು ತಿರುವು...” ಅವರಿಗೆ ಖುಷಿಯೋ ಖುಷಿ. ಮೂಲೆಗೆ ಬಂದದ್ದೇ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು. ಬೆರಳ ತುದಿಯಲ್ಲಿ ರಕ್ತ. ಒಂದು ಸೂಜಿಯ ತುದಿ ರಟ್ಟನ್ನು ದಾಟಿ ಆಚೆ ಹೊರಬಂದಿತ್ತು.

“ಏನೇ ಇದು, ನಮ್ಮನೆ ತುಂಬ ಮುಳ್ಳು?”

“ಆಟ ಅಜ್ಜಿ. ಎಲ್ಲಾರೂ ಪ್ರೀತಿಯಿಂದ ಚುಚ್ಚಿದ್ದು.”

“ಪ್ರೀತಿಯಿಂದ ಯಾರಾದ್ರೂ ಚುಚ್ತಾರೇನೇ,” ಎಂದು ಅತ್ತೆ ಬೆರಳು ಬಾಯಿಗಿಟ್ಟುಕೊಂಡರು. ಆಗ ನಾವು ನಕ್ಕೆವು.

ನಮ್ಮ ಮನೆಯ ಬೆನ್ನಿಗಿದ್ದ ಹಿಂದಿನ ಬೀದಿ ಈಗ ಇಲ್ಲ. ಮನೆಗಳನ್ನೆಲ್ಲ ಕೆಡವಿ ಸುತ್ತ ತಗಡಿನ ಬೇಲಿ ಹಾಕಿ ಬಹಳ ಕಾಲವಾಯಿತು. ಗಾಳಿ ಬೀಸಿದಾಗೆಲ್ಲ ತಗಡು ಬಡಿದುಕೊಳ್ಳುತ್ತದೆ, ನಮಗೆ ಅದು ಅಭ್ಯಾಸವಾಗಿದೆ. ಅಲ್ಲಿದ್ದವರೊಬ್ಬರು ಹಳೆಯ ಕೋಟು ಸಣ್ಣ ಮಾಡಿಸಲು ಅಂಗಡಿಗೆ ಬಂದವರು ಮಾದರಿಯನ್ನು ಕಂಡು ಸುಮ್ಮನೆ ನಿಂತುಬಿಟ್ಟರು. “ನಮ್ಮನ್ನೂ ಕೇಳಿದ್ರು, ಏನು ಬೇಕು ಅಂತ,” ಎಂದರು. ಆಮೇಲೇನಾಯಿತು ಎಂದು ಕೇಳಿದೆ. ಕೋಟನ್ನು ಮೇಜಿನ ಮೇಲಿಟ್ಟು ಹೋದವರು ವಾಪಸು ಬರಲೇ ಇಲ್ಲ.

ಅದಾಗಿ ಕೆಲವೇ ದಿನಕ್ಕೆ ಅಳತೆ ಪಟ್ಟಿ ಹಿಡಿದ ಇಬ್ಬರು ಬಂದರು. ಮಾತಿಲ್ಲ, ಕತೆಯಿಲ್ಲ. ನಮ್ಮ ಗೋಡೆಯನ್ನು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಯಿಟ್ಟು ಕೇಳಿದರು. ಮೇಲಿನಿಂದ ಅತ್ತೆ, “ಯಾರದು, ಬಾಗಿಲು ತೆಗ್ದೇ ಇದೆ, ಬನ್ನಿ,” ಎಂದು ಕೂಗುತ್ತಲೇ ಇದ್ದರು. ಆ ಇಬ್ಬರು ಹೋದ ಮೇಲೆ ಹೊರಗೆ ಬಂದು ನೋಡಿದೆ. ಬಾಗಿಲ ಪಕ್ಕ ಹಳದಿ ಬಣ್ಣದಲ್ಲಿ ಒಂದು ದೊಡ್ಡ ಅಡ್ಡಗೆರೆ.

ಮಗಳು ಕಚೇರಿಗೆ ಓಡಿದಳು. ಸಂಜೆ ಬಂದವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು. “ಓದೋ ಕೋಣೆ ಕೊಡ್ತಾರಂತೆ ಅಮ್ಮ. ಕೂರೋ ಜಾಗಾನೂ ಕೊಡ್ತಾರಂತೆ. ನಾವು ಕೇಳಿದ್ದೆಲ್ಲಾನೂ ಕೊಡ್ತಾರಂತೆ.” ಅವಳಿಗೆ ಅಳು ಉಕ್ಕಿ ಬಂತು. “ನಮ್ಮನೆ ಕೆಡವಿ, ಇಲ್ಲೇ. ಜನಾನೇ ತೋರಿಸಿದ ಜಾಗ ಅಂತಾರೆ. ಫೋಟೋ ತೋರಿಸಿದ್ರು.”

ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಬೀದಿಯವರ ಮೇಲೆ ಹರಿಹಾಯ್ದೆ. ಬೇಕರಿಗೆ ಹೋಗಿ ಎಲ್ಲರೆದುರು, “ನಿಮ್ಮ ಮರ್ಯಾದೆಗೆ ಬೆಂಕಿ ಹಾಕ! ಒಬ್ರಿಗಾದ್ರೂ ನಿಜ ಹೇಳೋಕೆ ಬಾಯಿರಲಿಲ್ವಾ?” ಎಂದೆ. ಬೇಕರಿಯವನು ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ತಲೆ ತಗ್ಗಿಸಿ ನಿಂತ. ಅಲ್ಲಿ ಕೂಗಾಡಿ ಬಂದು ಮಾದರಿಯ ಮುಂದೆ ಕೂತೆ. ಚುಚ್ಚಿ ಎಂದು ಹೇಳಿದವಳು ನಾನೇ ಅಲ್ಲವೇ? ಅತ್ತೆಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವರು ಪ್ರತಿದಿನ ಗೋಡೆ ಸವರಿಕೊಂಡು ಇಳಿದು ಬರುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಮಕ್ಕಳು ಬಿಡಲಿಲ್ಲ. ಕಚೇರಿಗೆ ಅಲೆದರು, ಮನೆ ಮನೆಗೆ ಹೋದರು, ಇನ್ನೊಂದು ಸಭೆ ಕರೆಯಲೇಬೇಕೆಂದು ಹಟ ಹಿಡಿದರು. ಅಧಿಕಾರಿ ಅದಕ್ಕೂ ಆಗಲಿ ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಹಿಡಿಸಲಿಲ್ಲ.

ಸಭೆ ನನ್ನ ಅಂಗಡಿಯಲ್ಲೇ ಸೇರಿತು. ಒಳಗೆ ಹಿಡಿಸದವರು ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತರು. ಅತ್ತೆಯೂ ಬಂದು ತಮ್ಮ ಸ್ಟೂಲಿನ ಮೇಲೆ ಕೂತರು. ಇಷ್ಟು ಹೊತ್ತಿಗೆ ಅವರಿಗೆ ಎಲ್ಲ ಗೊತ್ತಾಗಿತ್ತು. ಬೀದಿಯಲ್ಲಿ ಏನನ್ನಾದರೂ ಅವರ ಕಿವಿಯಿಂದ ಮುಚ್ಚಿಡಲು ಸಾಧ್ಯವೇ?

ಮಗಳು ಎದ್ದು ಹೇಳಿದಳು. “ಸಾರ್, ಇದು ತಪ್ಪಾಗಿ ಚುಚ್ಚಿದ್ದು. ಯಾರಿಗೂ ನಮ್ಮನೆ ಬೀಳ್ಲಿ ಅಂತ ಇರ್ಲಿಲ್ಲ.”

“ಸರಿ ತಾಯಿ,” ಎಂದ ಅಧಿಕಾರಿ. “ಬೀದಿ ನಿಮ್ದು, ಮಾತೂ ನಿಮ್ದೇ. ತಪ್ಪಾಗಿದ್ರೆ ಈಗ್ಲೇ ತಿದ್ದಿ. ಸೂಜಿ ತೆಗೆದು ಎಲ್ಲಿ ಸರಿಯಿಲ್ವೋ ಅಲ್ಲಿ ಚುಚ್ಚಿ. ಒಂದು ಸೂಜೀನೂ ಕೈಲಿ ಮಿಗೋ ಹಾಗಿಲ್ಲ, ಅಷ್ಟೇ.”

ಹಿಂದಿನ ಬೀದಿಯ ತಗಡು ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಯಾರೂ ಕೈ ಮುಂದೆ ಮಾಡಲಿಲ್ಲ. ಮತ್ತೆ ಅದೇ ಮರ್ಯಾದೆ, ಅದೇ ಬೀಗ. ಆಯಿತು, ಮುಗಿಯಿತು ಎಂದುಕೊಂಡು ಅತ್ತೆಯ ಕಡೆ ನೋಡಿದೆ. ಅವರು ಒಂದು ಕೈಯನ್ನು ಗೋಡೆಗೆ ಒತ್ತಿ ಹಿಡಿದು ಕೂತಿದ್ದರು.

ಬೇಕರಿಯವನು ಗುಂಪನ್ನು ಸರಿಸಿಕೊಂಡು ಮುಂದೆ ಬಂದ. ನಮ್ಮ ಮನೆಯಿಂದ ಒಂದು ಸೂಜಿ ಕಿತ್ತ. ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತವನು, ತನ್ನದೇ ಬೇಕರಿಯ ಚಿಮಣಿಗೆ ಚುಚ್ಚಿದ.

“ನನ್ ಚಿಮಣಿ ವಾಲಿದೆ ಸಾರ್. ಅಕ್ಕನ ಮನೆಗೇನೂ ಆಗಿಲ್ಲ.”

ಟೀಚರಮ್ಮ ಕೋಲೂರಿಕೊಂಡು ಬಂದರು. “ನನ್ನ ಸೂರು ಸೋರತ್ತೆ. ಹೇಳೋಕೆ ನಾಚಿಕೆ ಆಗ್ತಿತ್ತು,” ಎಂದು ಒಂದನ್ನು ಕಿತ್ತು ತಮ್ಮ ಮನೆಗೆ ಚುಚ್ಚಿದರು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದರು. ನಮ್ಮ ಗೋಡೆಗೆ ಬಿರುಕು, ನಮ್ಮ ಮಾಳಿಗೆ ತೊಲೆ ಹುಳ ತಿಂದಿದೆ, ನಮ್ಮ ನೆಲ ಕುಸಿದಿದೆ ಎಂದು, ಈವರೆಗೆ ಯಾರಿಗೂ ಹೇಳದವರು ದೊಡ್ಡ ದನಿಯಲ್ಲಿ ಹೇಳಿ ತಂತಮ್ಮ ಮನೆಗೆ ಚುಚ್ಚಿಕೊಂಡರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಇಂಥ ಜನರನ್ನು ಬೈದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮರಿ ಮುನ್ಸಿಪಾಲ್ಟಿಯವರು ಚಪ್ಪಾಳೆ ತಟ್ಟಿದರು, ಕಿಟಕಿಯಲ್ಲಿದ್ದವರೂ ತಟ್ಟಿದರು.

ಅಧಿಕಾರಿಯೂ ತಟ್ಟಿದ. ಅದನ್ನು ಮೊದಲು ಕಂಡದ್ದು ನನ್ನ ಮಗಳು. ಅವಳ ಕೈ ಅರ್ಧಕ್ಕೇ ನಿಂತಿತು.

ಅವನು ಫೋನ್ ಹೊರತೆಗೆದ. ಈ ಸಲ ಬಗ್ಗಲಿಲ್ಲ. ನನ್ನ ಸ್ಟೂಲನ್ನು ಎಳೆದುಕೊಂಡು, ಅದರ ಮೇಲೆ ಹತ್ತಿ ನಿಂತು, ಮಾದರಿ ಪೂರ್ತಿ ಬರುವಂತೆ ಮೇಲಿನಿಂದ ತೆಗೆದ.

“ತುಂಬಾ ಉಪಕಾರವಾಯ್ತು,” ಎಂದ ಇಳಿಯುತ್ತ, ಚಪ್ಪಾಳೆಯ ಸದ್ದಿನಲ್ಲಿ ಮೇಜಿನ ಸುತ್ತ ಇದ್ದವರಿಗಷ್ಟೇ ಕೇಳುವ ಅದೇ ಸಣ್ಣ ದನಿಯಲ್ಲಿ. “ಒಂದು ಮನೆ ಅಂದ್ರೆ ಓದೋ ಕೋಣೆ ಅಷ್ಟೇ ಆಗ್ತಿತ್ತು. ಇಡೀ ಬೀದೀನೇ ಸರಿಯಿಲ್ಲ ಅಂತ ನೀವೇ ಬಾಯಿಬಿಟ್ಟು ಹೇಳೋಕೆ ನಾವು ಕಾಯ್ತಾ ಇದ್ವಿ. ಹಿಂದಿನ ಬೀದಿಯವರೂ ಹೀಗೇ, ಬಹಳ ಒಗ್ಗಟ್ಟಿನ ಜನ.”

ಮಗಳು ಮೇಜಿಗೆ ಹಾರಿ ಎರಡೂ ಕೈಯಲ್ಲಿ ಸೂಜಿ ಕೀಳತೊಡಗಿದಳು. “ಅಳಿಸಿ ಸಾರ್, ಅದನ್ನ ಅಳಿಸಿ!” ಬೇಕರಿಯವನು ಬಾಗಿಲಿಗೆ ಅಡ್ಡ ನಿಂತ. ಅಧಿಕಾರಿ ಅವನ ಭುಜ ತಟ್ಟಿ, “ಹೋಗಿಬರ್ತೀನಣ್ಣ,” ಎಂದ. ಬೇಕರಿಯವನು, ಆ ದೊಡ್ಡ ಆಳು, ಹೊರಗಿನವರೆದುರು ಜಗಳವಾಡಿ ಗೊತ್ತಿಲ್ಲದವನು, ಸರಿದು ದಾರಿ ಬಿಟ್ಟ.

ಅತ್ತೆ ಎದ್ದು ಮೇಜಿನ ಅಂಚು ಹಿಡಿದು ಬಂದು ಮಾದರಿಯ ಮೂಲೆಗೆ ಕೈ ಹಾಕಿದರು. ನಮ್ಮ ರಟ್ಟಿನ ಮನೆಯನ್ನು ಮೇಲಿನಿಂದ ಕೆಳಗಿನವರೆಗೂ ಸವರಿದರು. ಒಂದೂ ಸೂಜಿ ತಾಗಲಿಲ್ಲ. ಅವರ ಮುಖದ ತುಂಬ ಬೆಳಕು.

“ಹೋಯ್ತು ಕಣೇ ಎಲ್ಲಾ! ಮನೆ ಉಳೀತು!” ಎಂದರು.

ಅವರ ಬೆರಳು ಇನ್ನೂ ಸೂಜಿ ನಿಂತಿದ್ದ ಪಕ್ಕದ ಮನೆಗೆ ಸರಿಯುತ್ತಿತ್ತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. “ಹೂಂ ಅತ್ತೆ, ಉಳೀತು,” ಎಂದೆ. ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬರೂ ಅಲ್ಲ ಎನ್ನಲಿಲ್ಲ.